ಎರಡು ಕಾಂಟ್ರ್ಯಾಕ್ಟ್‌ಗಳ ನಡುವಿನ ತಿಂಗಳುಗಳಲ್ಲಿ ನಿರುದ್ಯೋಗ ಭತ್ಯೆ

ನಮಸ್ಕಾರ. ಪತ್ನಿಯವರ ಸ್ಕಿಲ್ಡ್ ವರ್ಕರ್ ವೀಸಾದ ಡಿಪೆಂಡೆಂಟ್ ಆಗಿ ನೀವು 2024ರ ಅಕ್ಟೋಬರ್‌ನಲ್ಲಿ ಇಂಗ್ಲೆಂಡಿನ ರೆಡಿಂಗ್‌ಗೆ ಬಂದಿದ್ದೀರಿ, ಅಂಬ್ರೆಲಾ ಕಂಪನಿಯೊಂದರ (ಕಾಂಟ್ರ್ಯಾಕ್ಟರ್‌ಗಳನ್ನು ತನ್ನ ನೌಕರರಾಗಿ ಇಟ್ಟುಕೊಂಡು ಸಂಬಳ ಕೊಡುವ ಕಂಪನಿ) ಮೂಲಕ ಟೆಸ್ಟಿಂಗ್ ಕಾಂಟ್ರ್ಯಾಕ್ಟ್ ಮಾಡುತ್ತಿದ್ದೀರಿ, ಅದು ಮುಂದಿನ ತಿಂಗಳು ಮುಗಿಯುತ್ತದೆ. ಇನ್ನೊಂದು ಸಿಗುವವರೆಗೆ ಸರ್ಕಾರದ ನಿರುದ್ಯೋಗ ಭತ್ಯೆ ಕೇಳಬಹುದೇ, ಕೇಳುವುದು ಸರಿಯೇ ಎಂದು ಕೇಳಿದ್ದೀರಿ. ಒಬ್ಬ ಸ್ನೇಹಿತರು "ದುಡ್ಡು ಕಟ್ಟಿದ್ದೀರಲ್ಲ, ತಗೊಳ್ಳಿ" ಎಂದರಂತೆ. ಇನ್ನೊಬ್ಬರು "ಮುಟ್ಟಿದರೆ ವೀಸಾಕ್ಕೇ ಕುತ್ತು" ಎಂದು ಹೆದರಿಸಿದರಂತೆ. ಇಬ್ಬರೂ ಹೇಳಿದ್ದು ಅರ್ಧರ್ಧ ನಿಜ, ಏಕೆಂದರೆ ಇಬ್ಬರ ಮನಸ್ಸಿನಲ್ಲಿದ್ದದ್ದು ಬೇರೆ ಬೇರೆ ಭತ್ಯೆ.

ಹೆದರಿಸಿದವರು ಹೇಳಿದ್ದು ಯೂನಿವರ್ಸಲ್ ಕ್ರೆಡಿಟ್ ಬಗ್ಗೆ ಇರಬೇಕು. ಅದು ಕುಟುಂಬದ ಆದಾಯ ಮತ್ತು ಉಳಿತಾಯ ನೋಡಿ ಕೊಡುವ ನೆರವು. ಗಂಡಹೆಂಡತಿಯರ ಉಳಿತಾಯ ಒಟ್ಟು 16,000 ಪೌಂಡ್ ದಾಟಿದರೆ ಯಾರಿಗೂ ಸಿಗುವುದಿಲ್ಲ. ನಿಮ್ಮ ವೀಸಾಗೆ 'ನೋ ರಿಕೋರ್ಸ್ ಟು ಪಬ್ಲಿಕ್ ಫಂಡ್ಸ್', ಅಂದರೆ ಪಟ್ಟಿಯಲ್ಲಿರುವ ಸರ್ಕಾರಿ ನೆರವುಗಳನ್ನು ಪಡೆಯುವಂತಿಲ್ಲ ಎಂಬ ಷರತ್ತಿದೆ, ಯೂನಿವರ್ಸಲ್ ಕ್ರೆಡಿಟ್ ಆ ಪಬ್ಲಿಕ್ ಫಂಡ್ಸ್ ಪಟ್ಟಿಯಲ್ಲಿದೆ. ಮಕ್ಕಳಿಗೆ ಕೊಡುವ ಚೈಲ್ಡ್ ಬೆನಿಫಿಟ್ ಕೂಡ ಅದೇ ಪಟ್ಟಿಯಲ್ಲಿದೆ. ದಯವಿಟ್ಟು ಅವುಗಳ ಹತ್ತಿರ ಹೋಗಬೇಡಿ. ಆದರೆ ನ್ಯೂ ಸ್ಟೈಲ್ ಜಾಬ್‌ಸೀಕರ್ಸ್ ಅಲವೆನ್ಸ್ ಎಂಬುದು ಆ ಪಟ್ಟಿಯಲ್ಲಿಲ್ಲ. ಅದು ನೀವು ಕಟ್ಟಿದ ನ್ಯಾಷನಲ್ ಇನ್ಶೂರೆನ್ಸ್ (ದುಡಿಮೆಯಿಂದ ಸರ್ಕಾರಕ್ಕೆ ಕಟ್ಟುವ ಸಾಮಾಜಿಕ ವಿಮೆ) ವಂತಿಗೆಯ ಮೇಲೆ ನಿಂತ ಭತ್ಯೆಯಾದ್ದರಿಂದ ನಿಮ್ಮ ಉಳಿತಾಯವನ್ನಾಗಲಿ ಪತ್ನಿಯವರ ಸಂಬಳವನ್ನಾಗಲಿ ಅಲ್ಲಿ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. 25 ವರ್ಷ ತುಂಬಿದವರಿಗೆ 2025-26ರ ದರ ವಾರಕ್ಕೆ ಹೆಚ್ಚೆಂದರೆ 92 ಪೌಂಡ್ 5 ಪೆನ್ಸ್. ಗರಿಷ್ಠ ಅವಧಿ ಆರು ತಿಂಗಳು.

ಇಲ್ಲಿ ಎಲ್ಲರೂ ಎಡವುವುದು 'ಸ್ವಂತ ಉದ್ಯೋಗಿ' ಎಂಬ ಮಾತಿನಲ್ಲಿ. ಕಾಂಟ್ರ್ಯಾಕ್ಟರ್ ಎಂದು ನಾವು ಒಂದೇ ಹೆಸರಿನಲ್ಲಿ ಕರೆದುಕೊಂಡರೂ ಕಾನೂನಿನ ಕಣ್ಣಿಗೆ ನಾವು ಬೇರೆ ಬೇರೆ. ಅಂಬ್ರೆಲಾದಲ್ಲಿರುವ ನೀವು ಆ ಕಂಪನಿಯ ನೌಕರರು, ನಿಮ್ಮ ಪೇಸ್ಲಿಪ್‌ನಲ್ಲಿ ಕಡಿತವಾಗುತ್ತಿರುವುದು ನೌಕರರು ಕಟ್ಟುವ ಕ್ಲಾಸ್ 1 ವಂತಿಗೆ, ಈ ಭತ್ಯೆಗೆ ಬೇಕಾದದ್ದೂ ಅದೇ. ಸೋಲ್ ಟ್ರೇಡರ್ ಆಗಿ, ಅಂದರೆ ಕಂಪನಿಯಿಲ್ಲದೆ ತಮ್ಮದೇ ಹೆಸರಿನಲ್ಲಿ, ದುಡಿಯುವವರ ಕ್ಲಾಸ್ 2, ಕ್ಲಾಸ್ 4 ವಂತಿಗೆಗಳು ಇದಕ್ಕೆ ಲೆಕ್ಕಕ್ಕಿಲ್ಲ. ಹತ್ತು ವರ್ಷ ಪ್ರಾಮಾಣಿಕವಾಗಿ ಕಟ್ಟಿದ್ದರೂ ಕೆಲಸ ನಿಂತ ದಿನ ಅವರ ಕೈಗೆ ಈ ಭತ್ಯೆ ಬರುವುದಿಲ್ಲ. ಇದು ನನಗೆ ಇಂದಿಗೂ ಅನ್ಯಾಯವೆಂದೇ ಅನ್ನಿಸುತ್ತದೆ.

ನಿಮ್ಮ ವಿಷಯದಲ್ಲಿ ತೊಡಕಿರುವುದು ವರ್ಷಗಳ ಲೆಕ್ಕದಲ್ಲಿ. ಅರ್ಜಿ ಹಾಕುವ ವರ್ಷದ ಜನವರಿಗೆ ಮೊದಲು ಮುಗಿದ ಎರಡು ಪೂರ್ಣ ತೆರಿಗೆ ವರ್ಷಗಳನ್ನು ಅವರು ನೋಡುತ್ತಾರೆ. 2026ರಲ್ಲಿ ಹಾಕುವ ಅರ್ಜಿಗೆ ನೋಡುವುದು 2023-24 ಮತ್ತು 2024-25. ಮೊದಲನೆಯದರಲ್ಲಿ ನೀವು ಈ ದೇಶದಲ್ಲೇ ಇರಲಿಲ್ಲ. ಹಾಗಾಗಿ ಈ ಬಾರಿಯ ಖಾಲಿ ತಿಂಗಳುಗಳಿಗೆ ಭತ್ಯೆಯನ್ನು ನಂಬಿಕೊಳ್ಳಬೇಡಿ. 2027ರ ಜನವರಿ ಕಳೆದ ಮೇಲೆ ಹಾಕುವ ಅರ್ಜಿಗೆ ನಿಮ್ಮ ಎರಡೂ ವರ್ಷಗಳು ಲೆಕ್ಕಕ್ಕೆ ಬರುತ್ತವೆ.

ಮುಂದೆ ಸ್ವಂತ ಲಿಮಿಟೆಡ್ ಕಂಪನಿ ತೆರೆಯುವ ಯೋಚನೆಯಿದೆ ಎಂದಿದ್ದೀರಿ. ಹಾಗೆ ಮಾಡುವವರು ಸಂಬಳವನ್ನು ತೀರಾ ಕಡಿಮೆ ಇಟ್ಟುಕೊಂಡು ಉಳಿದದ್ದನ್ನು ಡಿವಿಡೆಂಡ್ ಆಗಿ ತೆಗೆದುಕೊಳ್ಳುವುದು ವಾಡಿಕೆ, ಏಕೆಂದರೆ ಡಿವಿಡೆಂಡ್ ಮೇಲೆ ನ್ಯಾಷನಲ್ ಇನ್ಶೂರೆನ್ಸ್ ಇಲ್ಲ. ನಾನೂ ಹಾಗೆಯೇ ಮಾಡಿದವನು. 2019-20ರಲ್ಲಿ ನನ್ನ ಸಂಬಳ ವರ್ಷಕ್ಕೆ 8,632 ಪೌಂಡ್, ಅಂದರೆ ತಿಂಗಳಿಗೆ ಸುಮಾರು 719. ಕೋವಿಡ್ ಬಂದು ಕಾಂಟ್ರ್ಯಾಕ್ಟ್ ನಿಂತಾಗ ಸ್ವಂತ ಉದ್ಯೋಗಿಗಳಿಗೆಂದು ಸರ್ಕಾರ ತಂದ ಅನುದಾನ ಸೋಲ್ ಟ್ರೇಡರ್‌ಗಳಿಗೂ ಪಾಲುದಾರಿಕೆಯಲ್ಲಿದ್ದವರಿಗೂ ಮಾತ್ರ ಸಿಕ್ಕಿತು. ನನ್ನಂಥ ನಿರ್ದೇಶಕರಿಗೆ ಉಳಿದದ್ದು ಕೆಲಸ ನಿಂತ ನೌಕರರ ಸಂಬಳಕ್ಕೆ ಸರ್ಕಾರ ಕೊಡುತ್ತಿದ್ದ ಫರ್ಲೋ ನೆರವು, ಅದೂ ಸಂಬಳದ ಶೇ. 80 ಮಾತ್ರ. ತಿಂಗಳಿಗೆ 575 ಪೌಂಡ್ ಬರುತ್ತಿತ್ತು. ಮನೆ ಬಾಡಿಗೆಯ ಅರ್ಧಕ್ಕೂ ಅದು ಸಾಲುತ್ತಿರಲಿಲ್ಲ. ಸಂಬಳ ಎಷ್ಟಿರಬೇಕೆಂದು ಅಕೌಂಟೆಂಟ್ ಹೇಳುವಾಗ ಉಳಿಯುವ ತೆರಿಗೆಯ ಜೊತೆಗೆ ಕೈಬಿಟ್ಟುಹೋಗುವ ರಕ್ಷಣೆ ಏನೆಂಬುದನ್ನೂ ಕೇಳಿ. ಅಂದಿನಿಂದ ಆರು ತಿಂಗಳ ಖರ್ಚನ್ನು ಬೇರೆ ಖಾತೆಯಲ್ಲಿ ಇಟ್ಟೇ ನಾನು ಕಾಂಟ್ರ್ಯಾಕ್ಟ್ ಒಪ್ಪಿಕೊಳ್ಳುತ್ತೇನೆ.

ಇನ್ನು, ಅರ್ಹತೆ ಇದ್ದಾಗ ಕೇಳುವುದು ಸರಿಯೇ ಎಂಬ ಪ್ರಶ್ನೆ. 2009ರ ಏಪ್ರಿಲ್‌ನಲ್ಲಿ, ಬ್ಯಾಂಕುಗಳು ಕುಸಿದ ಕಾಲದಲ್ಲಿ, ನನ್ನ ಕಾಂಟ್ರ್ಯಾಕ್ಟ್ ಮುಗಿಯಿತು. ಆಗ ನಾನೂ ಅಂಬ್ರೆಲಾದಲ್ಲೇ ಇದ್ದೆ. ಮೂರು ವಾರ ಜಾಬ್‌ಸೆಂಟರ್ (ಸರ್ಕಾರದ ಉದ್ಯೋಗ ಕಚೇರಿ) ಕಡೆ ತಲೆ ಹಾಕಲಿಲ್ಲ. ನಮ್ಮಪ್ಪ ದಾವಣಗೆರೆಯ ಹತ್ತಿಗಿರಣಿಯಲ್ಲಿ ದುಡಿದವರು, ಗಿರಣಿ ಮುಚ್ಚಿದಾಗಲೂ ಯಾರ ಮುಂದೆಯೂ ಕೈಯೊಡ್ಡದವರು. ಅವರ ಮಗ ಸರ್ಕಾರದ ದುಡ್ಡಿಗೆ ಸಾಲಿನಲ್ಲಿ ನಿಲ್ಲುವುದೇ ಎಂಬ ಸಂಕೋಚ ನನ್ನನ್ನು ತಡೆದಿತ್ತು. ಫೋನಿನಲ್ಲಿ ಈ ಮಾತು ಹೇಳಿದಾಗ ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದು, "ನಿನ್ನ ತಮ್ಮ ಹುಟ್ಟಿದ್ದು ಇಎಸ್‌ಐ ಆಸ್ಪತ್ರೆಯಲ್ಲಿ ಕಣೋ, ನಾನೇನು ಭಿಕ್ಷೆ ಬೇಡಿದೆನಾ? ತಿಂಗಳು ತಿಂಗಳು ಸಂಬಳದಲ್ಲಿ ಹಿಡೀತಿದ್ದರು" ಎಂದರು. ಮರುದಿನವೇ ಅರ್ಜಿ ಹಾಕಿದೆ. ವಾರಕ್ಕೆ 64 ಪೌಂಡ್ 30 ಪೆನ್ಸ್ ಬರುತ್ತಿತ್ತು. ಹದಿನೈದು ದಿನಕ್ಕೊಮ್ಮೆ ಪ್ಲಾಸ್ಟಿಕ್ ಫೈಲಿನಲ್ಲಿ ಅರ್ಜಿಗಳ ಪ್ರತಿಗಳನ್ನು ಇಟ್ಟುಕೊಂಡು ಹೋಗಿ ಸಹಿ ಮಾಡಿ ಬರುತ್ತಿದ್ದೆ. ಆ ದುಡ್ಡಿನಿಂದ ದಿನಸಿ ಬರುತ್ತಿತ್ತು.

ಆದರೆ ಆ ಸಹಿಗೆ ಅರ್ಥವಿದೆ. ವಾರಕ್ಕೆ 35 ಗಂಟೆಯವರೆಗೂ ಕೆಲಸ ಹುಡುಕುತ್ತೇನೆ, ಸಿಕ್ಕಿದರೆ ಸೇರಲು ಸಿದ್ಧ ಎಂದು ನೀವು ಒಪ್ಪಿಕೊಂಡಿರುತ್ತೀರಿ. ನಮ್ಮ ವೃತ್ತಿಯ ಕೆಲಸವನ್ನಷ್ಟೇ ಹುಡುಕಲು ಮೊದಲು ಮೂರು ತಿಂಗಳವರೆಗೆ ಅವಕಾಶವಿತ್ತು. 2022ರಿಂದ ಅದು ನಾಲ್ಕೇ ವಾರ. ಆಮೇಲೆ 'ದಿನಕ್ಕೆ ಇಷ್ಟು ರೇಟ್ ಇದ್ದರೆ ಮಾತ್ರ' ಎನ್ನುವ ಮಾತನ್ನು ಜಾಬ್‌ಸೆಂಟರ್‌ನ ವರ್ಕ್ ಕೋಚ್ ಒಪ್ಪುವುದಿಲ್ಲ. ಕಾಂಟ್ರ್ಯಾಕ್ಟ್ ಮುಗಿದ ಕೂಡಲೇ ಬೆಂಗಳೂರಿಗೆ ಟಿಕೆಟ್ ತೆಗೆಯುವುದು ನಮ್ಮವರ ಅಭ್ಯಾಸ, ಹೋಗುವುದು ತಪ್ಪೂ ಅಲ್ಲ. ಆದರೆ ತಂಗಿಯ ಮದುವೆಯ ಓಡಾಟದಲ್ಲಿರುವವರು ಇಲ್ಲಿ ಕೆಲಸಕ್ಕೆ ಸಿದ್ಧರಿದ್ದೇವೆಂದು ಹೇಳಿಕೊಂಡು ಭತ್ಯೆ ಪಡೆಯುವುದನ್ನು ನಾನು ಸುಳ್ಳೆಂದೇ ಕರೆಯುತ್ತೇನೆ. ನನಗೆ ಪರಿಚಯದ ಒಬ್ಬರು ಹಾಗೆ ಮಾಡಿ ಪೂರ್ತಿ ಹಣ ಹಿಂತಿರುಗಿಸಬೇಕಾಯಿತು. ನನ್ನ ತಾಯಿಗೆ ಹುಷಾರು ತಪ್ಪಿದಾಗ ನಾನು ಜಾಬ್‌ಸೆಂಟರ್‌ಗೆ ತಿಳಿಸಿ, ಭತ್ಯೆ ನಿಲ್ಲಿಸಿ ಹೋದೆ, ಬಂದ ಮೇಲೆ ಮತ್ತೆ ಅರ್ಜಿ ಹಾಕಿದೆ. ಹಾಗೆಯೇ ಸ್ವಂತ ಕಂಪನಿಯಿದ್ದರೆ ನಿರ್ದೇಶಕರೆಂಬುದನ್ನು ಅರ್ಜಿಯಲ್ಲಿ ಬರೆಯಿರಿ. ಕಂಪನಿಗಳನ್ನು ನೋಂದಾಯಿಸುವ ಕಂಪನೀಸ್ ಹೌಸ್‌ನ ಪಟ್ಟಿಯಲ್ಲಿ ನಿಮ್ಮ ಹೆಸರನ್ನು ಯಾರು ಬೇಕಾದರೂ ಹುಡುಕಬಹುದು.

ಈಗ ಮಾಡಬೇಕಾದದ್ದು ಇಷ್ಟು. ಕೊನೆಯ ದಿನ ಅಂಬ್ರೆಲಾದವರಿಂದ ಪಿ45 (ಕೆಲಸ ಬಿಟ್ಟಾಗ ಕೊಡುವ ಸಂಬಳ, ತೆರಿಗೆಯ ಪತ್ರ) ಮತ್ತು ಬಾಕಿ ರಜೆಯ ಹಣ ಕೇಳಿ ಪಡೆಯಿರಿ. ಸರ್ಕಾರದ ಜಾಲತಾಣದಲ್ಲಿ ನಿಮ್ಮ ನ್ಯಾಷನಲ್ ಇನ್ಶೂರೆನ್ಸ್ ದಾಖಲೆ ತೆರೆದು, ಪೇಸ್ಲಿಪ್‌ನಲ್ಲಿ ಕಡಿತವಾದದ್ದು ಅಲ್ಲಿ ಜಮಾ ಆಗಿದೆಯೇ ಎಂದು 2024-25ರಿಂದ ಒಂದೊಂದೇ ವರ್ಷ ಹೋಲಿಸಿ ನೋಡಿ. ಎಲ್ಲಾದರೂ ವ್ಯತ್ಯಾಸ ಕಂಡರೆ ಆ ಪೇಸ್ಲಿಪ್‌ಗಳನ್ನು ತೆಗೆದುಕೊಂಡು ಶನಿವಾರ ನಮ್ಮ ಮನೆಗೆ ಬನ್ನಿ, ಕೂತು ನೋಡೋಣ.