ಮನೆಯೂ ಬೇಕು, ತನ್ನತನವೂ ಬೇಕು

ಪ್ರಶ್ನೆ: ನಾನು ಟೆಕ್ಸಾಸ್‌ನ ವಿಶ್ವವಿದ್ಯಾಲಯವೊಂದರಲ್ಲಿ ಪಾಠ ಮಾಡುತ್ತೇನೆ. ಮೆಕ್ಸಿಕೊ ಮೂಲದ ಕುಟುಂಬದಿಂದ ಬಂದ ವಿದ್ಯಾರ್ಥಿಯೊಬ್ಬ ತಾನು ಸಲಿಂಗಪ್ರೇಮಿಯೆಂದು ಈಚೆಗೆ ನನ್ನಲ್ಲಿ ಹೇಳಿಕೊಂಡ. ಆ ಮನೆಯಿಂದ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ಅವನೇ ಮೊದಲಿಗ. ಪ್ರತಿ ಭಾನುವಾರ ತಾಯಿ ಫೋನ್ ಮಾಡಿ ಗೆಳತಿ ಸಿಕ್ಕಳೇ ಎಂದು ವಿಚಾರಿಸುತ್ತಾರೆ. ಆತ ಪರೀಕ್ಷೆಯ ಮಾತೆತ್ತಿ ತಪ್ಪಿಸಿಕೊಳ್ಳುತ್ತಾನೆ. ಮನೆಯವರಿಗೆ ಹೇಳಿಬಿಡು, ಒಪ್ಪದಿದ್ದರೆ ದೂರವಿರು ಎಂದು ಸಹಪಾಠಿಗಳು ಒತ್ತಾಯಿಸುತ್ತಿದ್ದಾರೆ. ನಾನೇನು ಹೇಳಲಿ?
(ಹೆಸರು ಬೇಡವೆಂದಿರುವ ಓದುಗರು)

ಉತ್ತರ: ಸಹಪಾಠಿಗಳ ಕಾಳಜಿ ನಿಜವಾದದ್ದೇ ಇರಬಹುದು, ಆದರೆ ಅವರ ಸಲಹೆಯನ್ನು ನಾನು ಒಪ್ಪಲಾರೆ. ಅಜ್ಜಿ, ಚಿಕ್ಕಪ್ಪ, ಸೋದರಸಂಬಂಧಿಗಳವರೆಗೆ ಹರಡಿಕೊಂಡ, ಲ್ಯಾಟಿನೊ ಜನ (ಲ್ಯಾಟಿನ್ ಅಮೆರಿಕ ಮೂಲದವರು) 'ಫಮಿಲಿಸ್ಮೊ' ಎನ್ನುವ ಆ ಕುಟುಂಬಬಂಧ ಇಂಥ ಹುಡುಗರಿಗೆ ಹೊರೆಯೂ ಹೌದು, ಆಸರೆಯೂ ಹೌದು. ಇಂಗ್ಲಿಷ್ ಬಾರದ ತಂದೆತಾಯಿಯ ಜೊತೆ ಆಸ್ಪತ್ರೆಗೂ ಕಚೇರಿಗೂ ಹೋಗಿ ಚಿಕ್ಕ ವಯಸ್ಸಿನಲ್ಲೇ ದುಭಾಷಿಯಾದ ಎಷ್ಟೋ ಹುಡುಗರಿಗೆ, ತಾನು ನಾಲ್ಕು ಜನಕ್ಕೆ ಬೇಕಾದವನು ಎಂಬ ಅರಿವು ಮೊದಲು ಮೂಡಿದ್ದೇ ಆ ಮನೆಯಲ್ಲಿ. ಗಂಡಸು ಹೀಗೇ ಇರಬೇಕೆಂಬ ಕಟ್ಟುಪಾಡು, ಚರ್ಚಿನ ಬೋಧನೆ, ನೆಂಟರ ಮಾತು ಅವನನ್ನು ನೋಯಿಸುವುದೂ ಅದೇ ಮನೆಯಲ್ಲಿ. ಎರಡರಲ್ಲಿ ಒಂದನ್ನು ಆರಿಸಿಕೋ ಎನ್ನುವುದು ಅವನ ಅರ್ಧ ಬದುಕನ್ನು ಕಿತ್ತುಕೊಳ್ಳುವ ಮಾತು.

ಹಾಗೆಂದು ಮನೆಯವರ ತಿರಸ್ಕಾರವನ್ನು ಹಗುರವಾಗಿ ಕಾಣುವಂತಿಲ್ಲ. ಕ್ಯಾಟ್ಲಿನ್ ರಯಾನ್ ಮತ್ತು ಸಂಗಡಿಗರು 21ರಿಂದ 25ರ ವಯಸ್ಸಿನ, ಬಿಳಿಯ ಮತ್ತು ಲ್ಯಾಟಿನೊ ಸಮುದಾಯಗಳ 224 ಮಂದಿ ಸಲಿಂಗಪ್ರೇಮಿ ಹಾಗೂ ದ್ವಿಲಿಂಗಪ್ರೇಮಿಗಳನ್ನು ಮಾತನಾಡಿಸಿ 2009ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಹದಿಹರೆಯದಲ್ಲಿ ಮನೆಯವರ ತೀವ್ರ ತಿರಸ್ಕಾರ ಉಂಡವರಲ್ಲಿ ಆತ್ಮಹತ್ಯೆಗೆ ಯತ್ನಿಸಿದ ಸಾಧ್ಯತೆ ತಿರಸ್ಕಾರವನ್ನು ಕಾಣದ ಅಥವಾ ಅಲ್ಪವಾಗಿ ಕಂಡವರಿಗಿಂತ 8.4 ಪಟ್ಟು ಹೆಚ್ಚಿತ್ತು. ಅಂಥ ತಿರಸ್ಕಾರವನ್ನು ಅತಿ ಹೆಚ್ಚು ಎದುರಿಸಿದವರು ಲ್ಯಾಟಿನೊ ಯುವಕರೇ. ಆದ್ದರಿಂದ ಹೇಳುವುದೋ ಬೇಡವೋ, ಯಾವಾಗ, ಯಾರಿಗೆ ಮೊದಲು ಎಂಬುದನ್ನು ಅವನೊಬ್ಬನೇ ನಿರ್ಧರಿಸಬೇಕು. ಅಮ್ಮನಿಗಿಂತ ಮೊದಲು ಅಕ್ಕನಿಗೆ ಹೇಳಿ ಒಂದು ವರ್ಷ ಸುಮ್ಮನಿರುವುದು ಹೇಡಿತನವಲ್ಲ.

ಹಣದ ಲೆಕ್ಕವನ್ನೂ ಮರೆಯಬೇಡಿ. ಅಮೆರಿಕದಲ್ಲಿ 24 ತುಂಬದ ಅವಿವಾಹಿತ ವಿದ್ಯಾರ್ಥಿಯನ್ನು ಸರ್ಕಾರಿ ನೆರವಿನ ಮಟ್ಟಿಗೆ ಸಾಮಾನ್ಯವಾಗಿ ತಂದೆತಾಯಿಯ ಅವಲಂಬಿತನೆಂದೇ ಪರಿಗಣಿಸುತ್ತಾರೆ. ಆ ನೆರವಿಗಾಗಿ ಸಲ್ಲಿಸುವ 'ಫಾಫ್ಸಾ' ಅರ್ಜಿಗೆ ಅವರ ಆದಾಯದ ವಿವರ ಬೇಕು. ಮನಸ್ತಾಪವಾಗಿ ಅವರು ಆ ವಿವರ ಕೊಡದಿದ್ದರೆ ಓದೇ ನಿಲ್ಲಬಹುದು. ಮನೆಯಿಂದ ಹೊರಹಾಕಲ್ಪಟ್ಟವರನ್ನು ಸ್ವತಂತ್ರರೆಂದು ಪರಿಗಣಿಸುವ ಅಧಿಕಾರ ಕಾಲೇಜಿನ ಹಣಕಾಸು ನೆರವಿನ ಕಚೇರಿಗೆ ಇದೆ, ಆದರೆ ಅದಕ್ಕೆ ಪುರಾವೆ ಕೇಳುತ್ತಾರೆ. ಅಂಥ ಸಂದರ್ಭ ಬಂದರೆ ಅಧ್ಯಾಪಕರಾದ ನಿಮ್ಮ ಒಂದು ಪತ್ರ ಬಹಳ ದೊಡ್ಡ ಸಹಾಯವಾದೀತು.

ಎದೆಗುಂದದೆ ನಿಲ್ಲುವ ಶಕ್ತಿ ಹುಟ್ಟುಗುಣವೆಂದು ನಾನು ನಂಬುವುದಿಲ್ಲ. ರಫಾಯೆಲ್ ಡಿಯಾಸ್ ಮತ್ತು ಸಂಗಡಿಗರು ನ್ಯೂಯಾರ್ಕ್, ಮಯಾಮಿ, ಲಾಸ್ ಏಂಜಲಿಸ್‌ಗಳ 912 ಸಲಿಂಗಪ್ರೇಮಿ ಹಾಗೂ ದ್ವಿಲಿಂಗಪ್ರೇಮಿ ಲ್ಯಾಟಿನೊ ಪುರುಷರನ್ನು ಅಧ್ಯಯನ ಮಾಡಿ 2001ರಲ್ಲಿ ಪ್ರಕಟಿಸಿದ ಲೇಖನವು ಸಲಿಂಗದ್ವೇಷ, ಬಡತನ ಮತ್ತು ವರ್ಣಭೇದಗಳು ಮನಸ್ಸನ್ನು ಕುಗ್ಗಿಸುವ ಬಗೆಯನ್ನು ತೋರಿಸಿತು; ಮನೆಯವರ ಒಪ್ಪಿಗೆ, ಬೆಳೆಯುವಾಗ ಕಣ್ಣೆದುರಿಗಿದ್ದ ಮಾದರಿ ವ್ಯಕ್ತಿ, ಸಾಮಾಜಿಕ ಹೋರಾಟದಲ್ಲಿ ಪಾಲ್ಗೊಳ್ಳುವಿಕೆ ಇಂಥವು ಆ ಪೆಟ್ಟನ್ನು ತಗ್ಗಿಸುತ್ತವೆ ಎಂಬುದನ್ನೂ ಗುರುತಿಸಿತು. ನಿಮ್ಮ ಕ್ಯಾಂಪಸ್ಸಿನಲ್ಲಿ ಲ್ಯಾಟಿನೊ ವಿದ್ಯಾರ್ಥಿಗಳ ಸಂಘ ಒಂದು ಕಟ್ಟಡದಲ್ಲೂ ಸಲಿಂಗಪ್ರೇಮಿಗಳ ಕೂಟ ಇನ್ನೊಂದರಲ್ಲೂ ಇದ್ದು, ಮೊದಲನೆಯದರಲ್ಲಿ ಆತ ಪ್ರೀತಿಯ ಮಾತೆತ್ತಲಾರದೆ, ಎರಡನೆಯದರಲ್ಲಿ ತಾನೊಬ್ಬನೇ ಕಂದುಬಣ್ಣದವನಾಗಿ ಕೂರುವಂತಿದ್ದರೆ ಅದು ಸಂಸ್ಥೆಯ ಕೊರತೆ, ಅವನದಲ್ಲ. ಎರಡೂ ಗುಂಪಿನವರನ್ನು ಒಂದೇ ಕೋಣೆಗೆ ಕರೆಯುವ ಕೆಲಸವನ್ನು ನೀವು ಮಾಡಬಹುದು. ತನ್ನವರಲ್ಲಿ ತನ್ನಂಥವರು ಮೊದಲೂ ಇದ್ದರೆಂದು ಅವನಿಗೆ ತಿಳಿಯಲಿ: ಹೋಸೆ ಸರ್ರಿಯಾ ತಾನು ಸಲಿಂಗಪ್ರೇಮಿಯೆಂದು ಮುಚ್ಚಿಡದೆ 1961ರಲ್ಲೇ ಸ್ಯಾನ್ ಫ್ರಾನ್ಸಿಸ್ಕೊ ನಗರಾಡಳಿತದ ಚುನಾವಣೆಗೆ ನಿಂತವರು, ಅದೇ ನಗರದಲ್ಲಿ 1975ರಲ್ಲಿ ಗೇ ಲ್ಯಾಟಿನೊ ಅಲಯನ್ಸ್ ಎಂಬ ಸಂಘಟನೆ ಹುಟ್ಟಿತು.

ಪ್ರಶ್ನೆ: ಆಪ್ತಸಮಾಲೋಚಕರ ಬಳಿ ಹೋದರೆ ಮನೆಗೆ ತಿಳಿಯುತ್ತದೆಂದು ಆತ ಹೆದರುತ್ತಾನೆ. ಇದು ನಿಜವೇ?

ಉತ್ತರ: ಪ್ರಾಣಾಪಾಯದಂಥ ಸಂದರ್ಭಗಳನ್ನು ಬಿಟ್ಟರೆ, ವಯಸ್ಕನಾದ ವಿದ್ಯಾರ್ಥಿ ಸಮಾಲೋಚಕರೊಡನೆ ಆಡಿದ ಮಾತು ಗುಟ್ಟಾಗಿಯೇ ಇರುತ್ತದೆ. ಎಚ್ಚರ ವಹಿಸಬೇಕಾದದ್ದು ವಿಮೆಯ ವಿಷಯದಲ್ಲಿ. 26ರ ವರೆಗೆ ತಂದೆತಾಯಿಯ ವಿಮೆಯಲ್ಲೇ ಉಳಿಯಲು ಅಲ್ಲಿ ಅವಕಾಶವಿರುವುದರಿಂದ, ಹೊರಗಿನ ವೈದ್ಯರ ಬಳಿ ಹೋದಾಗ ಚಿಕಿತ್ಸೆಯ ವಿವರಪಟ್ಟಿ ಮನೆಯ ವಿಳಾಸಕ್ಕೆ ಹೋಗಬಹುದು. ಹಾಗಾಗಿ ಮೊದಲು ಕ್ಯಾಂಪಸ್ಸಿನ ಕೇಂದ್ರಕ್ಕೇ ಹೋಗಲಿ. ವಿಮೆಯ ಮೂಲಕ ಬಿಲ್ ಮಾಡುತ್ತೀರಾ ಎಂದು ಆರಂಭದಲ್ಲೇ ಕೇಳಲಿ. ನಡುರಾತ್ರಿ ಮನಸ್ಸು ತೀರಾ ಕುಸಿದಾಗ ಕರೆ ಮಾಡಲು 988 ಸಹಾಯವಾಣಿ ಇದೆ, ಸಲಿಂಗಪ್ರೇಮಿ ಯುವಜನರಿಗಾಗಿಯೇ 1998ರಿಂದ ಕೆಲಸ ಮಾಡುತ್ತಿರುವ ಟ್ರೆವರ್ ಪ್ರಾಜೆಕ್ಟ್ ಇದೆ. ಆ ಸಂಖ್ಯೆಗಳನ್ನು ಅವನಿಗೆ ಇಂದೇ ಕೊಟ್ಟಿರಿ.