ಕಿಲ್ಲಾರಿಯ ಹೆಣ್ಣುಮಕ್ಕಳಿಗೆ ತರಬೇತಿ ಕೊಟ್ಟವರು ಯಾರು?

1993ರ ಭೂಕಂಪದ ನಂತರ ಮಹಾರಾಷ್ಟ್ರದ ಲಾತೂರು ಸೀಮೆಯ ಕಿಲ್ಲಾರಿ ಮತ್ತು ಸುತ್ತಲಿನ ಹಳ್ಳಿಗಳ ಹೆಂಗಸರು ಬೇರೆ ರಾಜ್ಯದ ಸಂತ್ರಸ್ತರಿಗೆ ದಾರಿ ತೋರಿಸುವ ಮಟ್ಟಕ್ಕೆ ಬೆಳೆದರೆಂದು ಕೇಳಿದ್ದೀರಿ. ಅವರಿಗೆ ನಾಯಕತ್ವದ ತರಬೇತಿ ಕೊಟ್ಟವರು ಯಾರು, ಅಂಥ ಯೋಜನೆಯನ್ನು ಬೇರೆ ಕಡೆಯೂ ನಡೆಸಬಹುದೇ ಎಂದು ವಿಚಾರಿಸಿದ್ದೀರಿ. ಬಸವಕಲ್ಯಾಣ ತಾಲೂಕಿನವನಾಗಿ ನಾನು ಹೇಳಬಹುದಾದ ಉತ್ತರವಿಷ್ಟು: ಅಲ್ಲಿ ತರಬೇತಿ ಮೊದಲು ಬಂದು ಕೆಲಸ ಆಮೇಲೆ ಬರಲಿಲ್ಲ. ಊರಿಗೆ ತುರ್ತಾಗಿ ಬೇಕಾಗಿದ್ದ ಒಂದು ಕೆಲಸವನ್ನು ಹೆಂಗಸರ ಕೈಗೆ ಒಪ್ಪಿಸಲಾಯಿತು, ಅದನ್ನು ಮಾಡುತ್ತ ಅವರು ಕಲಿತರು.

ಇದು ಮಹಾರಾಷ್ಟ್ರದ ವಿಷಯವಲ್ಲವೇ, ಬೀದರ ಜಿಲ್ಲೆಯವರಿಗೇನು ಗೊತ್ತು ಎಂದು ನಿಮಗನ್ನಿಸಬಹುದು. ಕಿಲ್ಲಾರಿಗೂ ಬಸವಕಲ್ಯಾಣಕ್ಕೂ ನೇರ ಅಳತೆಯಲ್ಲಿ 50 ಕಿಲೋಮೀಟರ್ ಕೂಡ ಇಲ್ಲ. ಇಂದು ಲಾತೂರು ಜಿಲ್ಲೆಯಲ್ಲಿರುವ ನಿಲಂಗಾ, ಉದಗೀರ, ಅಹಮದಪುರ ತಾಲೂಕುಗಳು 1956ರ ರಾಜ್ಯ ಪುನರ್ವಿಂಗಡಣೆಯವರೆಗೆ ನಮ್ಮ ಬೀದರ ಜಿಲ್ಲೆಯಲ್ಲೇ ಇದ್ದವು. ಸೋಲಾಪುರ–ಹೈದರಾಬಾದ್ ಹೆದ್ದಾರಿಯಲ್ಲಿ ಉಮರ್ಗಾ ದಾಟಿದ ಸ್ವಲ್ಪ ಹೊತ್ತಿಗೆ ನಮ್ಮ ಗಡಿ ಬರುತ್ತದೆ. ಹೆಣ್ಣು ಕೊಡುವುದು, ತರುವುದು, ದನದ ಸಂತೆ, ಆಸ್ಪತ್ರೆಯ ಓಡಾಟ ಇವೆಲ್ಲ ಆ ಗಡಿಯನ್ನು ಲೆಕ್ಕಕ್ಕಿಡದೆ ನಡೆಯುತ್ತವೆ. ಆದ್ದರಿಂದ ಆ ದುರಂತದ ಸುದ್ದಿ ನಮಗೆ ಪತ್ರಿಕೆಗಿಂತ ಮುಂಚೆ ನೆಂಟರ ಮೂಲಕವೇ ತಲುಪಿತು.

1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ, ನಾಲ್ಕು ಗಂಟೆಗೆ ಇನ್ನೂ ಕೆಲವು ನಿಮಿಷಗಳಿರುವಾಗ, ಗಣಪತಿಯನ್ನು ಕಳುಹಿಸಿ ಬಂದು ಜನ ಮಲಗಿದ್ದ ಹೊತ್ತಿನಲ್ಲಿ ನೆಲ ನಡುಗಿತು. ಲಾತೂರು ಮತ್ತು ಅಂದಿನ ಉಸ್ಮಾನಾಬಾದ್ ಜಿಲ್ಲೆಗಳಲ್ಲಿ ಸುಮಾರು 8,000 ಮಂದಿ ಸತ್ತರೆಂಬುದು ಸರ್ಕಾರದ ಲೆಕ್ಕ. ಹತ್ತು ಸಾವಿರದ ಹತ್ತಿರ ಎನ್ನುವವರೂ ಇದ್ದಾರೆ. ಅಂದಿನ ಭೂಕಂಪ ನಕ್ಷೆಯಲ್ಲಿ ಈ ಸೀಮೆಗೆ ಅತ್ಯಂತ ಕಡಿಮೆ ಅಪಾಯದ ವಲಯವೆಂಬ ಗುರುತಿತ್ತು. ಹಿಂದಿನ ವರ್ಷವೇ ಕಿಲ್ಲಾರಿಯಲ್ಲಿ ಸಣ್ಣ ಕಂಪನಗಳು ಮೇಲಿಂದ ಮೇಲೆ ಬಂದು ಹೋಗಿದ್ದರೂ ಆ ಗುರುತಿನ ಮೇಲಿನ ನಂಬಿಕೆ ಸಡಿಲಾಗಿರಲಿಲ್ಲ.

ರಿಕ್ಟರ್ ಮಾಪಕದಲ್ಲಿ ಆರಕ್ಕಿಂತ ತುಸು ಹೆಚ್ಚಿನ ಕಂಪನಕ್ಕೆ ಅಷ್ಟು ಜನ ಸಾಯಲು ಕಾರಣವಾದದ್ದು ಮನೆಯ ಕಟ್ಟೋಣ. ಗಡಿಯ ಎರಡೂ ಕಡೆ ಹಳೆಯ ಮಾಳಿಗೆ ಮನೆಗಳು ಒಂದೇ ರೀತಿ ಇರುತ್ತವೆ: ಎರಡು ಮೂರು ಅಡಿ ದಪ್ಪದ ಕಲ್ಲಿನ ಗೋಡೆ, ಕಲ್ಲುಗಳ ನಡುವೆ ಬರೀ ಮಣ್ಣು, ಮೇಲೆ ತೊಲೆ ಜಂತಿ ಹರಡಿ ಅದರ ಮೇಲೆ ಮತ್ತೆ ಅಡಿಗಟ್ಟಲೆ ಮಣ್ಣು. ಬೇಸಿಗೆಯಲ್ಲಿ ಈ ಮನೆಯಷ್ಟು ತಂಪು ಇನ್ನೊಂದಿಲ್ಲ. ಮಳೆಗಾಲದಲ್ಲಿ ಸೋರಿದರೆ ಮಾಳಿಗೆಗೆ ಇನ್ನಷ್ಟು ಮಣ್ಣು ಹಾಕುವುದು ರೂಢಿ, ಹೀಗಾಗಿ ತಲೆಮಾರು ಕಳೆದಂತೆ ತಲೆಯ ಮೇಲಿನ ಭಾರ ಏರುತ್ತಲೇ ಹೋಗುತ್ತದೆ. ಗೋಡೆಯ ಒಳಮೈ ಮತ್ತು ಹೊರಮೈಗಳನ್ನು ಒಟ್ಟಿಗೆ ಹಿಡಿದಿಡುವ ಉದ್ದ ಕಲ್ಲುಗಳು ಇಲ್ಲದ ಕಡೆ ಗೋಡೆ ಎರಡಾಗಿ ಸೀಳಿ ಬಿತ್ತು, ಆ ಮಣ್ಣಿನ ಭಾರವೆಲ್ಲ ಮಲಗಿದವರ ಮೇಲೆ ಕುಸಿಯಿತು.

ಆಮೇಲೆ ವಿಶ್ವ ಬ್ಯಾಂಕಿನ ಸಾಲದ ನೆರವಿನಿಂದ ಮಹಾರಾಷ್ಟ್ರ ಸರ್ಕಾರ ದೊಡ್ಡ ಪುನರ್ವಸತಿ ಕಾರ್ಯಕ್ರಮ ಹಾಕಿಕೊಂಡಿತು. ಅದರಲ್ಲಿ ಮುಖ್ಯವಾಗಿ ಎರಡು ದಾರಿಗಳಿದ್ದವು. ಪೂರ್ತಿ ನೆಲಸಮವಾದ 52 ಹಳ್ಳಿಗಳನ್ನು ಬೇರೆ ಜಾಗದಲ್ಲಿ ಹೊಸದಾಗಿ ಕಟ್ಟಿಕೊಡಲಾಯಿತು. ಅಲ್ಲಿ ಗುತ್ತಿಗೆದಾರರು, ದಾನಿ ಸಂಸ್ಥೆಗಳು ಅಗಲವಾದ ಬೀದಿ, ಅಳತೆಯ ನಿವೇಶನ, ಸಾಲು ಮನೆಗಳನ್ನು ಎಬ್ಬಿಸಿ ಬೀಗದ ಕೈ ಕೊಟ್ಟರು. ದನಕ್ಕೆ ಜಾಗ ಎಲ್ಲಿ, ಹೊಲ ಎಷ್ಟು ದೂರ, ನೆರೆಯವರು ಯಾರಿರಬೇಕು ಎಂಬುದನ್ನು ಕೇಳಿದವರು ಕಡಿಮೆ. ಇನ್ನೊಂದು ಕಡೆ, ಬಿರುಕು ಬಿಟ್ಟ, ಅರೆಬಿದ್ದ ಸುಮಾರು ಎರಡು ಲಕ್ಷ ಮನೆಗಳ ದುರಸ್ತಿ ಮತ್ತು ಬಲಪಡಿಕೆಯನ್ನು ಮನೆಯವರಿಗೇ ಬಿಡಲಾಯಿತು: ಹಣ ಕಂತಿನಲ್ಲಿ ಬರುತ್ತದೆ, ಒಂದು ಹಂತದ ಕೆಲಸ ಸರಿಯಾಗಿ ಮುಗಿದರೆ ಮುಂದಿನ ಕಂತು. ಮೇಲ್ನೋಟಕ್ಕೆ ಮೊದಲನೆಯದು ದೊಡ್ಡ ಉಪಕಾರ, ಎರಡನೆಯದು ತಲೆನೋವು. ನೀವು ಕೇಳುತ್ತಿರುವ ನಾಯಕಿಯರು ಮೂಡಿದ್ದು ಮಾತ್ರ ಆ ತಲೆನೋವಿನಿಂದಲೇ.

ಏಕೆಂದರೆ ಈ ಎರಡನೆಯ ದಾರಿ ಆರಂಭದಲ್ಲಿ ಮುಗ್ಗರಿಸಿತು. ಯಾರಿಗೆ ಎಷ್ಟು ಹಣ ಎಂಬುದು ಜನರಿಗೆ ತಿಳಿದಿರಲಿಲ್ಲ, ಎಂಜಿನಿಯರುಗಳ ಮಾತು ಜನರಿಗೆ ಅರ್ಥವಾಗುತ್ತಿರಲಿಲ್ಲ, ಕಲ್ಲಿನ ಮನೆಯೆಂದರೇ ಹೆದರುತ್ತಿದ್ದ ಜನ ಹಳೆ ಗೋಡೆಯನ್ನು ಗಟ್ಟಿ ಮಾಡುವುದರ ಬದಲು ಸಿಕ್ಕ ಹಣದಲ್ಲಿ ಪಕ್ಕದಲ್ಲೊಂದು ಹೊಸ ಕೋಣೆ ಹಾಕಿಕೊಳ್ಳಲು ಬಯಸುತ್ತಿದ್ದರು. ಆಗ ಸರ್ಕಾರವು ಜನರ ಪಾಲ್ಗೊಳ್ಳುವಿಕೆಯ ಹೊಣೆಯನ್ನು ಸ್ವಯಂ ಶಿಕ್ಷಣ ಪ್ರಯೋಗ ಎಂಬ ಸಂಸ್ಥೆಗೆ ವಹಿಸಿತು. ಅದನ್ನು ಮುನ್ನಡೆಸಿದವರು 2022ರಲ್ಲಿ ತೀರಿಕೊಂಡ ಪ್ರೇಮಾ ಗೋಪಾಲನ್. 1994ರಿಂದ 1998ರವರೆಗೆ ಸಾವಿರಕ್ಕೂ ಹೆಚ್ಚು ಹಳ್ಳಿಗಳಲ್ಲಿ, ಆಯಾ ಹಳ್ಳಿಯ ಹೆಂಗಸರನ್ನೇ ಮಹಿಳಾ ಮಂಡಳಗಳ ಮೂಲಕ ಮುಂದೆ ತಂದು 'ಸಂವಾದ ಸಹಾಯಕ' ಎಂಬ ಹೆಸರಿನಲ್ಲಿ ಕೆಲಸಕ್ಕೆ ನಿಲ್ಲಿಸಲಾಯಿತು.

ಅವರ ಕೆಲಸವೇನೆಂಬುದನ್ನು ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ನಿಮ್ಮ ಪ್ರಶ್ನೆಗೆ ಉತ್ತರ ಅದರಲ್ಲೇ ಇದೆ. ಮನೆ ಮನೆಗೆ ಹೋಗಿ ಯಾರಿಗೆ ಯಾವ ನೆರವು ಸಲ್ಲಬೇಕೆಂದು ತಿಳಿಸುವುದು, ಬ್ಯಾಂಕಿನ ಖಾತೆ ತೆರೆಸುವುದು, ಗ್ರಾಮಸಭೆಯಲ್ಲಿ ಆ ಲೆಕ್ಕವನ್ನು ಎಲ್ಲರೆದುರು ಹೇಳುವುದು, ಗೌಂಡಿ ಗೋಡೆಗೆ ಉದ್ದ ಕಲ್ಲು ಕೂರಿಸಿದ್ದಾನೋ ಇಲ್ಲವೋ, ಮಾಳಿಗೆಯ ಮಣ್ಣು ಇಳಿಸಿದ್ದಾರೋ ಇಲ್ಲವೋ, ಗೋಡೆಯ ಸುತ್ತ ಕಾಂಕ್ರೀಟಿನ ಪಟ್ಟಿ ಕಟ್ಟಿದ್ದಾರೋ ಇಲ್ಲವೋ ಎಂದು ನೋಡುವುದು, ಅಡ್ಡಿಯಾದರೆ ಎಂಜಿನಿಯರನ್ನು ಹುಡುಕಿಕೊಂಡು ತಾಲೂಕು ಕಚೇರಿಗೆ ಹೋಗುವುದು. ಅಲ್ಲಿಯವರೆಗೆ ಸರಪಂಚನ ಎದುರು ಸೆರಗು ಎಳೆದುಕೊಂಡು ಬಾಗಿಲ ಹಿಂದೆ ನಿಲ್ಲುತ್ತಿದ್ದವಳ ಕೈಯಲ್ಲಿ ಈಗ ಊರಿನ ಗಂಡಸರಿಗೆ ಬೇಕಾದ ಮಾಹಿತಿಯಿತ್ತು. ಕಂತು ಏಕೆ ನಿಂತಿದೆಯೆಂದು ತಿಳಿಯಲು ಅವಳನ್ನೇ ಕೇಳಬೇಕಾಯಿತು. ಮನೆಯವರ ಅಡ್ಡಿ ಸಡಿಲಾದದ್ದು ಹೆಂಗಸರ ಹಕ್ಕಿನ ಕುರಿತ ಭಾಷಣದಿಂದಲ್ಲ, ಈ ಅವಶ್ಯಕತೆಯಿಂದ ಎಂಬುದು ನನ್ನ ತಿಳಿವಳಿಕೆ.

ಕಲಿಕೆಯೂ ಹಾಗೆಯೇ ನಡೆಯಿತು. ಒಂದು ಹಳ್ಳಿಯಲ್ಲಿ ಮಾದರಿಗೆಂದು ಗಟ್ಟಿಗೊಳಿಸಿದ ಮನೆಯನ್ನು ಇನ್ನೊಂದು ಹಳ್ಳಿಯ ಹೆಂಗಸರು ಬಂದು ನೋಡುತ್ತಿದ್ದರು. ಎಂಜಿನಿಯರು ಒಮ್ಮೆ ಹೇಳಿದ್ದನ್ನು ಅವರು ತಮ್ಮೂರಿಗೆ ಹೋಗಿ ತಮ್ಮ ಮಾತಿನಲ್ಲಿ ಮತ್ತೆ ಹೇಳುತ್ತಿದ್ದರು. ಇನ್ನೊಬ್ಬರಿಗೆ ಹೇಳಬೇಕಾದವನು ಕೇಳುವ ರೀತಿಯೇ ಬೇರೆ, ಇದು ಶಾಲಾ ಮೇಷ್ಟ್ರುಗಳಿಗೆಲ್ಲ ಗೊತ್ತಿರುವ ಸಂಗತಿ. ಕಾರ್ಯಕ್ರಮ ಮುಗಿದ ಮೇಲೂ ಮಂಡಳಗಳು ಚದುರಲಿಲ್ಲ. ಉಳಿತಾಯ ಸಾಲದ ಗುಂಪುಗಳಾದವು, ಆರೋಗ್ಯ ಕೇಂದ್ರ, ಕುಡಿಯುವ ನೀರು, ಅಂಗನವಾಡಿಗಳ ಮೇಲೆ ಕಣ್ಣಿಡತೊಡಗಿದವು. ಪಂಚಾಯಿತಿಗಳಲ್ಲಿ ಹೆಂಗಸರಿಗೆ ಮೂರನೇ ಒಂದು ಭಾಗ ಸ್ಥಾನ ಮೀಸಲಿಟ್ಟ ಸಂವಿಧಾನ ತಿದ್ದುಪಡಿ ಜಾರಿಗೆ ಬಂದದ್ದೂ ಅದೇ 1993ರಲ್ಲಿ ಎಂಬುದನ್ನು ಮರೆಯಬಾರದು. ಕುರ್ಚಿ ಖಾಲಿಯಾಗುವ ಹೊತ್ತಿಗೆ ಅದರಲ್ಲಿ ಕೂರಬಲ್ಲವರೂ ತಯಾರಾಗುತ್ತಿದ್ದರು.

2001ರ ಜನವರಿ 26ರಂದು ಕಛ್‌ನಲ್ಲಿ ಭೂಕಂಪವಾದಾಗ ಈ ಹಳ್ಳಿಗಳ ಹೆಂಗಸರು ಅಲ್ಲಿಗೆ ಹೋದರು. 2004ರ ಸುನಾಮಿಯ ನಂತರ ತಮಿಳುನಾಡಿನ ಕರಾವಳಿಗೂ ಹೋದರು. ಭಾಷೆ ಬಾರದಿದ್ದರೂ, ಗುಡಾರದಲ್ಲಿ ಕೂತ ಹೆಂಗಸಿಗೆ ತಾನೂ ಹೀಗೆ ಕೂತಿದ್ದೆನೆಂದು ಹೇಳಬಲ್ಲವಳ ಮಾತಿಗೆ ಯಾವ ಅಧಿಕಾರಿಯ ಮಾತಿಗೂ ಇಲ್ಲದ ತೂಕವಿರುತ್ತದೆ. ಮುಂದೆ ಮರಾಠವಾಡಕ್ಕೆ ಬರ ಬಂದು, 2016ರಲ್ಲಿ ಲಾತೂರು ನಗರಕ್ಕೆ ಮೀರಜದಿಂದ ರೈಲಿನಲ್ಲಿ ನೀರು ತರಿಸಬೇಕಾದ ಕಾಲದಲ್ಲಿ, ಇದೇ ಬಳಗ ಬೇಸಾಯದ ಕಡೆ ಹೊರಳಿತು. ಸೋಯಾಬೀನ್, ಕಬ್ಬು ಎಂದು ಪೂರ್ತಿ ಹೊಲವನ್ನು ಒಂದೇ ಬೆಳೆಗೆ ಒತ್ತೆಯಿಡುವ ಬದಲು, ಮನೆಯವರಿಂದ ಒಂದೆಕರೆಯಷ್ಟು ಜಮೀನು ಬಿಡಿಸಿಕೊಂಡು, ಕಡಿಮೆ ನೀರಿನಲ್ಲಿ ಕಾಳು, ತರಕಾರಿ, ಸಿರಿಧಾನ್ಯ ಬೆಳೆದು ಮೊದಲು ಮನೆಯ ಊಟಕ್ಕೆ ಇಟ್ಟುಕೊಳ್ಳುವ ಪದ್ಧತಿಯನ್ನು ಹೆಂಗಸರು ಒಬ್ಬರಿಂದೊಬ್ಬರಿಗೆ ಹಬ್ಬಿಸಿದರು. ಇದಕ್ಕಾಗಿ ಸ್ವಯಂ ಶಿಕ್ಷಣ ಪ್ರಯೋಗ ಸಂಸ್ಥೆಗೆ 2017ರಲ್ಲಿ ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮದ ಈಕ್ವೇಟರ್ ಪ್ರಶಸ್ತಿ ಬಂತು.

ಎಲ್ಲವೂ ಸರಿಹೋಯಿತೆಂದು ಮಾತ್ರ ಭಾವಿಸಬೇಡಿ. ಆ ಒಂದೆಕರೆಯ ಪಹಣಿ ಬಹುಪಾಲು ಈಗಲೂ ಗಂಡಸಿನ ಹೆಸರಿನಲ್ಲೇ ಇದೆ. ಅವನ ಮನಸ್ಸು ಬದಲಾದರೆ ಅದು ಮತ್ತೆ ಕಬ್ಬಿನ ಗದ್ದೆಯಾಗುತ್ತದೆ. ಒಂದೆಕರೆಯೂ ಇಲ್ಲದ ಕೂಲಿಯ ಮನೆಗಳಿಗೆ ಈ ದಾರಿಯಿಂದ ದೊರೆತದ್ದು ಕಡಿಮೆ. ಪ್ರಶಸ್ತಿಯ ವರದಿಗಳನ್ನು ಓದುವಾಗ ಈ ಎರಡು ಸಂಗತಿಗಳನ್ನು ನೆನಪಿನಲ್ಲಿಡಿ.

ಬೇರೆ ಕಡೆ ಮಾಡಬಹುದೇ ಎಂಬ ನಿಮ್ಮ ಎರಡನೆಯ ಪ್ರಶ್ನೆಗೆ ಬಂದರೆ, ನಮ್ಮ ಕಡೆಯೇ ಅದಾಗಲಿಲ್ಲವೆಂದು ಒಪ್ಪಿಕೊಳ್ಳಬೇಕಾಗುತ್ತದೆ. 2021ರ ಅಕ್ಟೋಬರಿನಲ್ಲಿ ಕಲಬುರಗಿ ಜಿಲ್ಲೆ ಚಿಂಚೋಳಿ ತಾಲೂಕಿನ ಗಡಿಕೇಶ್ವಾರದ ಸುತ್ತ ನೆಲ ಪದೇ ಪದೇ ನಡುಗಿದಾಗ ಜನ ರಾತ್ರಿ ಮನೆಯ ಹೊರಗೆ ಮಲಗಿದರು, ಅನೇಕರು ಊರು ಬಿಟ್ಟರು. ಅಧಿಕಾರಿಗಳು, ವಿಜ್ಞಾನಿಗಳು ಬಂದರು, ಶೆಡ್ ಹಾಕುವ ಮಾತಾಯಿತು. ಹಳೆಯ ಕಲ್ಲಿನ ಗೋಡೆಗೆ ಉದ್ದ ಕಲ್ಲು ಸೇರಿಸುವುದು, ಮಾಳಿಗೆಯ ಮಣ್ಣು ಇಳಿಸುವುದು ಪಕ್ಕದ ಜಿಲ್ಲೆಯ ಹೆಂಗಸರಿಗೆ ಆಗಲೇ 25 ವರ್ಷಗಳಿಂದ ಬರುತ್ತಿತ್ತು. ಅವರಲ್ಲಿ ನಾಲ್ವರನ್ನು ಕರೆಸಿ ಗಡಿಕೇಶ್ವಾರದ ಹೆಂಗಸರೊಂದಿಗೆ ಒಂದು ವಾರ ಕೂರಿಸಿದ್ದರೆ ಬಸ್ಸಿನ ಖರ್ಚಿಗಿಂತ ಹೆಚ್ಚೇನೂ ಆಗುತ್ತಿರಲಿಲ್ಲ. ಕಛ್‌ಗೆ ಹೋದ ಆ ಅನುಭವ ಗಡಿ ದಾಟಿ ಚಿಂಚೋಳಿಗೆ ಬರಲಿಲ್ಲವೆಂದರೆ, ಅದಕ್ಕೆ ದೂರ ಕಾರಣವಲ್ಲ. ಎರಡು ರಾಜ್ಯಗಳ ಕಚೇರಿಗಳು ಒಂದನ್ನೊಂದು ನೋಡುವುದು ನೀರಿನ ಜಗಳ ಮತ್ತು ಗಡಿಯ ಜಗಳ ಬಂದಾಗ ಮಾತ್ರ.

ನೀವೇ ಹೋಗಿ ನೋಡುವುದಾದರೆ ಉಮರ್ಗಾದಲ್ಲಿ ಇಳಿದು ಉತ್ತರಕ್ಕೆ ಸಾಸ್ತೂರು, ಕಿಲ್ಲಾರಿಯ ಕಡೆ ಹೋಗಿ. ಹೊಸದಾಗಿ ಕಟ್ಟಿದ ಊರುಗಳಲ್ಲಷ್ಟೇ ಸುತ್ತಬೇಡಿ. ದುರಸ್ತಿಯಾದ ಹಳೆಯ ಮನೆಗಳಿರುವ, ಹೆಸರು ಕೇಳಿಬರದ ಹಳ್ಳಿಗಳಿಗೂ ಹೋಗಿ. ಗಡಿಗೆ ಹತ್ತಿರದ ಹಳ್ಳಿಗಳಲ್ಲಿ ಕನ್ನಡ ನಡೆಯುತ್ತದೆ, ಮುಂದೆ ಮರಾಠಿ ಬಲ್ಲವರನ್ನು ಜೊತೆಗಿಟ್ಟುಕೊಳ್ಳಿ. ಹಿಂಗಾರಿ ಜೋಳದ ಬಿತ್ತನೆ ಮುಗಿದ ನವೆಂಬರಿನ ನಂತರ ಹೋದರೆ ಹೆಂಗಸರಿಗೆ ಮಾತಿಗೆ ಬಿಡುವಿರುತ್ತದೆ. ನಾಯಕತ್ವದ ಬಗ್ಗೆ ಕೇಳುವುದಕ್ಕಿಂತ ಮೊದಲು ಅವರ ಗೋಡೆಯನ್ನು ತೋರಿಸಲು ಕೇಳಿ.