ಪಾಠ ಆದ ಸಂಜೆಯೇ ಹಾಡಿಸಿ

ಪ್ರಶ್ನೆ: ನನ್ನ ಮಗನಿಗೆ 6 ವರ್ಷ, ಮಗಳಿಗೆ 11. ಇಬ್ಬರೂ ಭಾನುವಾರ ಬೆಳಗ್ಗೆ ಒಬ್ಬರೇ ಟೀಚರ್ ಹತ್ತಿರ ಕರ್ನಾಟಕ ಸಂಗೀತಕ್ಕೆ ಹೋಗುತ್ತಾರೆ. ಮನೆಯಲ್ಲಿ ದಿನಾ ಅರ್ಧ ಗಂಟೆ ಕೂರಿಸಬೇಕು ಅಂತ ನನ್ನ ಹಟ. ಮಗ ಸ್ವಲ್ಪ ಹೊತ್ತಿಗೇ ಎದ್ದು ಓಡುತ್ತಾನೆ. ಮಗಳು ಕೂರುತ್ತಾಳೆ, ಆದರೆ ಗೊತ್ತಿರುವ ಗೀತೆಗಳನ್ನೇ ಹಾಡಿ ಮುಗಿಸುತ್ತಾಳೆ. ಏನು ಮಾಡಲಿ?
ಒಬ್ಬ ತಾಯಿ, ದಾವಣಗೆರೆ

ಉತ್ತರ: ಮೊದಲು ಆ ಅರ್ಧ ಗಂಟೆಯನ್ನು ಬಿಡಿ. ನೀವು ಗಡಿಯಾರ ನೋಡಿ ಹಾಡಿಸಿದರೆ ಮಕ್ಕಳೂ ಗಡಿಯಾರ ನೋಡಿಕೊಂಡೇ ಹಾಡುತ್ತಾರೆ. ನನ್ನ ಲೆಕ್ಕದಲ್ಲಿ ಇಡೀ ವಾರಕ್ಕೆ ಮುಖ್ಯವಾದದ್ದು ಭಾನುವಾರ ಸಂಜೆಯ ಅಭ್ಯಾಸ. ಬೆಳಗ್ಗೆ ಕಲಿತದ್ದು ಆಗ ಕಿವಿಯಲ್ಲಿ ಇನ್ನೂ ಇರುತ್ತದೆ. ಹೆಚ್ಚಿನ ಮನೆಗಳಲ್ಲಿ ಪುಸ್ತಕ ತೆಗೆಯುವುದೇ ಶುಕ್ರವಾರ ರಾತ್ರಿ. ಅಷ್ಟರಲ್ಲಿ ಅರ್ಧ ಮರೆತಿರುತ್ತದೆ, ಉಳಿದರ್ಧ ತಪ್ಪಾಗಿ ನೆನಪಿರುತ್ತದೆ. ಅದನ್ನೇ ಎರಡು ದಿನ ಗಟ್ಟಿ ಮಾಡಿಕೊಂಡು ಬಂದರೆ, ಬಿಡಿಸುವುದರಲ್ಲೇ ಟೀಚರ್ ಸಮಯ ಹೋಗುತ್ತದೆ.

ಮಗನಿಗೆ ಬೆಳಗ್ಗೆ 5 ನಿಮಿಷ, ಸಂಜೆ 5 ನಿಮಿಷ ಸಾಕು. ಪುಸ್ತಕ ಬೇಡ. ನೀವು ಒಂದು ಸಾಲು ಅನ್ನಿ, ಅವನು ಹಿಂದೆ ಹೇಳಲಿ. ನಿಮಗೆ ಹಾಡಲು ಬರದಿದ್ದರೆ ಟೀಚರ್ ಹತ್ತಿರ ಫೋನಿನಲ್ಲಿ ರೆಕಾರ್ಡ್ ಮಾಡಿಸಿಕೊಳ್ಳಿ. ಒಂದೇ ಸರಳೆ ವರಸೆ (ಮೊಟ್ಟಮೊದಲ ಸ್ವರಪಾಠ), ಒಂದನೇ ಕಾಲದಲ್ಲಿ, ಅಂದರೆ ನಿಧಾನದ ವೇಗದಲ್ಲಿ ಮಾತ್ರ. ಎರಡನೇ ಕಾಲದಲ್ಲಿ, ಅಂದರೆ ದುಪ್ಪಟ್ಟು ವೇಗದಲ್ಲಿ, ಸ್ವರ ಓಡಬೇಕು, ತಾಳ ಹಾಕುವ ಕೈ ಓಡಬಾರದು. ಈ ವಯಸ್ಸಿನವರು ಎರಡನ್ನೂ ಓಡಿಸುತ್ತಾರೆ. ಅದನ್ನು ಟೀಚರ್ ನೋಡಿಕೊಳ್ಳಲಿ.

ಮಗಳದು ಸೋಮಾರಿತನ ಅಲ್ಲ, ಖುಷಿ. ಮಲಹರಿ ರಾಗದ ಗೀತೆ ಹಾಡಲಿ ಬಿಡಿ, ಆದರೆ ಕೊನೆಗೆ. (ನೆಂಟರು ಬಂದಾಗ 'ಒಂದು ಹಾಡು ಹೇಳಮ್ಮ' ಅನ್ನುವುದಕ್ಕೂ ಅದೇ ಬೇಕಲ್ವಾ!) ಮೊದಲು ಅವಳು ತಡವರಿಸುವ ಜಾಗ ಹುಡುಕಿ. ಅಲಂಕಾರಗಳಲ್ಲಿ (ಬೇರೆ ಬೇರೆ ತಾಳದ ಸ್ವರಪಾಠಗಳಲ್ಲಿ) ಅದು ಹೆಚ್ಚಾಗಿ ಝಂಪೆ ತಾಳ. ಅದರ ಒಂದು ಸುತ್ತಿಗೆ 10 ಅಕ್ಷರ, ಅಂದರೆ 10 ಎಣಿಕೆ. ಅದರಲ್ಲಿ ಲಘುವಿಗೆ, ಅಂದರೆ ಏಟು ಹಾಕಿ ಬೆರಳು ಎಣಿಸುವ ಭಾಗಕ್ಕೆ, 7 ಅಕ್ಷರ. ಒಂದು ಏಟು, ಕಿರುಬೆರಳಿನಿಂದ ಹೆಬ್ಬೆರಳವರೆಗೆ ಐದು ಬೆರಳು, ಆಮೇಲೆ ಮತ್ತೆ ಕಿರುಬೆರಳು. 'ಸ ರಿ ಗ ಸ ರಿ ಸ ರಿ' ಅನ್ನುವಾಗ ಕೊನೆಯ 'ರಿ' ಬೀಳಬೇಕಾದದ್ದು ಆ ಎರಡನೇ ಸಲದ ಕಿರುಬೆರಳಿಗೆ. ಮಕ್ಕಳು ಹೆಬ್ಬೆರಳಿಗೇ ನಿಲ್ಲಿಸಿಬಿಡುತ್ತಾರೆ. ಆಗ ಹಾಡು 10 ಅಕ್ಷರಕ್ಕೆ, ಕೈ 9ಕ್ಕೆ! ಸೋಮವಾರ ಸ್ವರ ಬಿಟ್ಟು ಬರೀ ಕೈ ಎಣಿಸಲಿ. ಮಂಗಳವಾರ ಸ್ವರ ಸೇರಿಸಲಿ. ಕೈ ತಪ್ಪದಿದ್ದರೆ ಬುಧವಾರ ಎರಡನೇ ಕಾಲ. ಗುರುವಾರ ರಜೆ ಕೊಡಿ. ಆಮೇಲೆ ಎರಡು ದಿನ ಹಳೆಯ ಜಂಟಿ ವರಸೆ (ಜೋಡಿ ಸ್ವರಗಳ ಪಾಠ), ಗೀತೆ. ಸ್ಕೂಲಿನಲ್ಲಿ ಟೆಸ್ಟ್ ಇರುವ ವಾರ ಇದೆಲ್ಲ ಹೋದರೆ ಹೋಗಲಿ, ಭಾನುವಾರ ಸಂಜೆಯದು ಮಾತ್ರ ತಪ್ಪಬಾರದು.

ಇಬ್ಬರನ್ನೂ ಒಟ್ಟಿಗೆ ಕೂರಿಸಬೇಡಿ. ಅಕ್ಕ ಹಾಡುವಾಗ ತಮ್ಮ ಪಕ್ಕದಲ್ಲಿ ಸುಮ್ನೆ ಆಡಿಕೊಂಡಿರಲಿ. ಕಿವಿ ಅದರ ಪಾಡಿಗೆ ಕೆಲಸ ಮಾಡುತ್ತದೆ.

ಪ್ರಶ್ನೆ: ಮಗನಿಗೆ 13. ಐದೂವರೆಯಷ್ಟು ಎತ್ತರದ ಶ್ರುತಿಯಲ್ಲಿ ಚೆನ್ನಾಗಿ ಹಾಡುತ್ತಿದ್ದ. ಈಗ ಧ್ವನಿ ಒಡೆಯುತ್ತಿದೆ. ಹಾಡು ಅಂದರೆ ಬಾಗಿಲು ಹಾಕಿಕೊಳ್ಳುತ್ತಾನೆ. ನಿಲ್ಲಿಸಿಬಿಡಲೇ?
ಒಬ್ಬ ತಂದೆ, ಶಿವಮೊಗ್ಗ

ಉತ್ತರ: ನಿಲ್ಲಿಸಬೇಡಿ, ಕಡಿಮೆ ಮಾಡಿ. ಹುಡುಗರ ಧ್ವನಿ ಈ ವಯಸ್ಸಿನಲ್ಲಿ ಸುಮಾರು ಒಂದು ಸ್ಥಾಯಿಯಷ್ಟು (ಮೇಲಿನ 'ಸ'ದಿಂದ ಕೆಳಗಿನ 'ಸ'ದವರೆಗಿನಷ್ಟು) ಕೆಳಗಿಳಿಯುತ್ತದೆ. ಐದೂವರೆಯನ್ನು ಮರೆತುಬಿಡಿ. ಯಾವ ಶ್ರುತಿ ಅಂತ ಟೀಚರ್ ಆಗಾಗ ನೋಡಿ ಹೇಳಬೇಕು, ಈ ತಿಂಗಳಿದ್ದದ್ದು ಮುಂದಿನ ತಿಂಗಳು ಇರುವುದಿಲ್ಲ. ತಾರಸ್ಥಾಯಿ, ಅಂದರೆ ಮೇಲಿನ ಸ್ವರಗಳು, ಸದ್ಯ ಬೇಡ. ವಾರಕ್ಕೆ ಮೂರು ದಿನ, ಹತ್ತೇ ನಿಮಿಷ ಮಧ್ಯಸ್ಥಾಯಿಯಲ್ಲಿ ಹಾಡಲಿ. ಉಳಿದ ದಿನ ವರ್ಣ ಎಂಬ ರಚನೆಯ ಸ್ವರಗಳನ್ನು ತಾನೇ ಕೇಳಿ ಬರೆಯಲಿ, ತಾಳ ಹಾಕಿ ಬಾಯಲ್ಲಿ ಹೇಳಲಿ. ಬಾಗಿಲು ಹಾಕಿಕೊಂಡೇ ಹಾಡಲಿ ಬಿಡಿ. ನೆಂಟರ ಮುಂದೆ ಮಾತ್ರ ಹಾಡಿಸಬೇಡಿ.

ಪ್ರಶ್ನೆ: ಬ್ಯಾಂಕಿನಿಂದ ನಿವೃತ್ತನಾಗಿ ಈಗ ಕಲಿಯುತ್ತಿದ್ದೇನೆ. ನಸುಕಿನಲ್ಲಿ ನಾಲ್ಕೂವರೆಗೆ ಎದ್ದು ಒಂದೂವರೆ ಗಂಟೆ ಸಾಧನೆ. ಗಂಟಲು ಕಟ್ಟುತ್ತದೆ, ಮಂಡಿ ನೋಯುತ್ತದೆ.
62 ವರ್ಷದ ವಿದ್ಯಾರ್ಥಿ, ಮೈಸೂರು

ಉತ್ತರ: ಸ್ವಾಮಿ, ವಿದ್ವಾಂಸರ ದಿನಚರಿ ಓದಿ ಶುರು ಮಾಡಿದ್ದೀರಿ ಅನ್ನಿಸುತ್ತದೆ. ಕುರ್ಚಿ ಮೇಲೆ ಬೆನ್ನು ನೆಟ್ಟಗಿಟ್ಟು ಕೂತುಕೊಳ್ಳಿ, ಸರಸ್ವತಿ ಏನೂ ಬೇಜಾರು ಮಾಡಿಕೊಳ್ಳುವುದಿಲ್ಲ. ಎದ್ದ ತಕ್ಷಣ ಹಾಡಬೇಡಿ. ನೀರು ಕುಡಿದು, ನಾಲ್ಕು ಮಾತಾಡಿ, ಗಂಟಲು ಬಿಟ್ಟ ಮೇಲೆ ಮೊದಲು ಷಡ್ಜವನ್ನು ('ಸ' ಸ್ವರವನ್ನು) ಅಲುಗದಂತೆ ಹಿಡಿದು ಹಾಡಿ. ಬೆಳಗ್ಗೆ 20 ನಿಮಿಷ, ಸಂಜೆ 20 ನಿಮಿಷ. ಒಂದೇ ಸಲ ಒಂದೂವರೆ ಗಂಟೆ ಈಗಲೇ ಬೇಡ. ಗಂಟಲು ಕಟ್ಟುವುದು ಎರಡು ವಾರ ದಾಟಿದರೆ ಡಾಕ್ಟರಿಗೆ ತೋರಿಸಿ. ದೊಡ್ಡವರಿಗೆ ಕೃತಿಯ, ಅಂದರೆ ಕಛೇರಿಯ ದೊಡ್ಡ ರಚನೆಗಳ, ಆಸೆ ಜಾಸ್ತಿ. ವಾರಕ್ಕೊಂದು ದಿನ ಇಷ್ಟದ ದೇವರನಾಮ ಇಟ್ಟುಕೊಳ್ಳಿ, ಉಳಿದ ದಿನ ವರಸೆ.

ಪ್ರಶ್ನೆ: ಶನಿವಾರ ಆನ್‌ಲೈನ್ ಪಾಠ. ಟೀಚರ್ ಬೆಂಗಳೂರಿನಲ್ಲಿ. ಮಗಳ ತಾಳ ಅವರದಕ್ಕೆ ಕೂಡುವುದೇ ಇಲ್ಲ, ತಂಬೂರಿಯೂ ಅವರಿಗೆ ಸರಿಯಾಗಿ ಕೇಳುವುದಿಲ್ಲವಂತೆ.
ಒಬ್ಬ ತಾಯಿ, ನ್ಯೂಜೆರ್ಸಿ

ಉತ್ತರ: ಮಗಳ ತಪ್ಪಲ್ಲ. ಇಂಟರ್ನೆಟ್ಟಿನಲ್ಲಿ ದನಿ ತಡವಾಗಿ ತಲುಪುತ್ತದೆ, ಇಬ್ಬರೂ ಒಟ್ಟಿಗೆ ಹಾಡಲು ಆಗುವುದೇ ಇಲ್ಲ. ಒಬ್ಬರಾದ ಮೇಲೆ ಒಬ್ಬರು ಹಾಡಲಿ. ಒಂದೇ ಸಮ ಕೇಳುವ ತಂಬೂರಿಯನ್ನು ಗದ್ದಲ ಅಂದುಕೊಂಡು ಆಪ್ ಅಳಿಸಿಹಾಕುತ್ತದೆ. ಝೂಮ್‌ನಲ್ಲಾದರೆ 'ಒರಿಜಿನಲ್ ಸೌಂಡ್' ಆನ್ ಮಾಡಿ. ತಂಬೂರಿಯನ್ನು ಬೇರೆ ಫೋನಿನಲ್ಲಿ ಹಾಕಿ. ಪಾಠ ರೆಕಾರ್ಡ್ ಮಾಡಿಕೊಂಡು ಶನಿವಾರ ಸಂಜೆಯೇ ಅದರ ಜೊತೆ ಒಂದು ಸಲ ಹಾಡಿಸಿ.